ಹಾಲಿನ ಹನಿಯಲ್ಲಿ ಕಿರೀಟ ಕಂಡ ಮೇಷ್ಟ್ರು

ಕೆಂಪು ತಟ್ಟೆಯೊಂದರ ಮೇಲೆ ತೆಳುವಾಗಿ ಹಾಲು ಹರಡಿದೆ. ಅದರ ಮೇಲೆ ಒಂದು ಹನಿ ಬಿದ್ದಿದೆ. ಬಿದ್ದ ಜಾಗದಲ್ಲಿ ಹಾಲು ಬಳೆಯ ಹಾಗೆ ಎದ್ದು ನಿಂತಿದೆ. ಬಳೆಯ ಅಂಚಿನಿಂದ ಸುತ್ತಲೂ ಮೊನೆಗಳು ಚಿಮ್ಮಿವೆ, ಪ್ರತಿ ಮೊನೆಯ ತುದಿಯಲ್ಲೂ ಒಂದೊಂದು ಬಿಳಿ ಮುತ್ತು. ಮೇಲೆ ಇನ್ನೊಂದು ಹನಿ ಸರದಿಗೆ ಕಾಯುತ್ತ ಗಾಳಿಯಲ್ಲೇ ನಿಂತಿದೆ. ಈ ಫೋಟೊವನ್ನು ನೀವು ಎಲ್ಲೋ ನೋಡೇ ಇರುತ್ತೀರಿ. ಹಾಲು, ಚಾಕೊಲೇಟ್, ಪೇಂಟ್ ಜಾಹೀರಾತುಗಳಲ್ಲಿ ಇವತ್ತಿಗೂ ಅದರ ನಕಲು ಬರುತ್ತಲೇ ಇರುತ್ತದೆ. ಮೂಲ ಚಿತ್ರ ತೆಗೆದದ್ದು 1957ರಲ್ಲಿ. ತೆಗೆದವರು ವೃತ್ತಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರ್, ಅಮೆರಿಕದ ಎಂಐಟಿಯ ಮೇಷ್ಟ್ರು. ಹೆಸರು ಹೆರಾಲ್ಡ್ ಯೂಜೀನ್ ಎಜರ್ಟನ್.

ನಾನೂ ಎಲೆಕ್ಟ್ರಿಕಲ್ ಬ್ರ್ಯಾಂಚಿನವನೇ, ಮೂರನೇ ವರ್ಷದ ಬಿ.ಇ. ನಮ್ಮದು ಮೋಟಾರು, ಟ್ರಾನ್ಸ್‌ಫಾರ್ಮರು, ಕೆಇಬಿ ಕಂಬದವರ ಬ್ರ್ಯಾಂಚು, ಅದರಲ್ಲಿ ನೋಡುವಂಥ ಚೆಂದ ಏನಿದೆ ಎಂದು ಕಂಪ್ಯೂಟರ್ ಸೈನ್ಸ್ ಗೆಳೆಯರು ಕಾಲೆಳೆಯುತ್ತಾರೆ. ಅಂಥವರಿಗೆ ನಾನು ಮೊಬೈಲ್ ತೆಗೆದು ತೋರಿಸುವುದು ಈ ಹಾಲಿನ ಕಿರೀಟವನ್ನೇ. ಅದರ ಹಿಂದೆ ಇರುವುದೂ ಮೋಟಾರೇ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಒಂದು ಸಣ್ಣ ಲೆಕ್ಕ. ಇರುವೆಯನ್ನೋ ದಾಸವಾಳದ ಕೇಸರವನ್ನೋ ತೀರಾ ಹತ್ತಿರದಿಂದ ಫ್ಲ್ಯಾಶ್ ಹಾಕಿ ತೆಗೆಯಲು ಹೋದವರಿಗೆಲ್ಲ ಒಂದು ತೊಂದರೆ ಗೊತ್ತು. ಮುಂದಿನ ಭಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಹಿಂದಿನ ಭಾಗ ಕಾಡಿಗೆಯಂತೆ ಕಪ್ಪಾಗುತ್ತದೆ. ಮೊಬೈಲು ಕೆಟ್ಟದ್ದು ಅಂತ ಬೈದುಕೊಳ್ಳುತ್ತೇವೆ. ತಪ್ಪು ಮೊಬೈಲಿನದಲ್ಲ, ಪಿಯುಸಿಯಲ್ಲಿ ಓದಿದ ವಿಲೋಮ ವರ್ಗ ನಿಯಮದ್ದು. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೆಳೆಯನೊಬ್ಬ ಮೂರು ಮೀಟರ್ ದೂರದಲ್ಲಿ ನಿಂತಿದ್ದರೆ ಅವನ ಮೂಗಿಗೂ ಅದಕ್ಕಿಂತ 5 ಸೆಂಟಿಮೀಟರ್ ಹಿಂದಿರುವ ಕೆನ್ನೆಗೂ ಬೀಳುವ ಬೆಳಕಿನ ವ್ಯತ್ಯಾಸ ನೂರಕ್ಕೆ ಮೂರರಷ್ಟು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಫ್ಲ್ಯಾಶು ಹೂವಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ, ಮುಂದಿನ ಎಸಳಿಗೆ ಬೀಳುವ ಬೆಳಕು 5 ಸೆಂಟಿಮೀಟರ್ ಹಿಂದಿನ ಎಸಳಿಗಿಂತ ಎರಡೂಕಾಲು ಪಟ್ಟು. ಹತ್ತಿರ ಹೋದಷ್ಟೂ ಬೆಳಕನ್ನು ಸಮವಾಗಿ ಹರಡುವುದು ಕಷ್ಟ. ಇಷ್ಟು ಗೊತ್ತಿದ್ದರೆ ಆ ಹಾಲಿನ ಹನಿ ಎಷ್ಟು ಕಷ್ಟದ ಚಿತ್ರ ಎನ್ನುವುದು ಅರ್ಥವಾಗುತ್ತದೆ. ಹನಿ ಬೆರಳುಗುರಿನಷ್ಟು, ಅದು ಹೊಳೆಯುವ ಒದ್ದೆ ವಸ್ತು, ಸಾಲದ್ದಕ್ಕೆ ನಿಲ್ಲದೆ ಚಲಿಸುತ್ತಿದೆ.

ಎಜರ್ಟನ್ ಹುಟ್ಟಿದ್ದು 1903ರ ಏಪ್ರಿಲ್ 6ರಂದು, ಅಮೆರಿಕದ ನೆಬ್ರಾಸ್ಕಾ ರಾಜ್ಯದ ಫ್ರಿಮಾಂಟ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಅರೋರಾ ಎಂಬ ಸಣ್ಣ ಊರಿನಲ್ಲಿ. ಸುತ್ತಲೂ ಜೋಳದ ಹೊಲ, ಬಯಲು ಸೀಮೆ. ಫೋಟೊ ತೆಗೆಯುವುದನ್ನು ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ಸಂಬಂಧದಲ್ಲಿ ಚಿಕ್ಕಪ್ಪನೋ ಮಾವನೋ ಆಗಬೇಕಾದ ಒಬ್ಬರು. ಹುಡುಗ ಮನೆಯಲ್ಲೇ ಡಾರ್ಕ್‌ರೂಮ್ ಮಾಡಿಕೊಂಡ. ಬೇಸಿಗೆ ರಜೆ ಬಂದರೆ ಅಲ್ಲಿಯ ವಿದ್ಯುತ್ ಕಂಪನಿಯಲ್ಲಿ ಕೆಲಸ. ಬೆಳಕು ಹಿಡಿಯುವುದು ಒಂದು ಹವ್ಯಾಸ, ಕರೆಂಟು ಹರಿಸುವುದು ಇನ್ನೊಂದು. ಈ ಎರಡೂ ಮುಂದೆ ಒಂದಾಗುತ್ತವೆ ಅಂತ ಆಗ ಯಾರಿಗೂ ಹೊಳೆದಿರಲಾರದು.

1925ರಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ. ಒಂದು ವರ್ಷ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸ. ಆಮೇಲೆ ಎಂಐಟಿಗೆ ಬಂದವರು ಅಲ್ಲಿಂದ ಕದಲಲಿಲ್ಲ. 1927ರಲ್ಲಿ ಸ್ನಾತಕೋತ್ತರ ಪದವಿ, 1928ರಲ್ಲಿ ಎಸ್ತರ್ ಗ್ಯಾರೆಟ್ ಜತೆ ಮದುವೆ, 1931ರಲ್ಲಿ ಡಾಕ್ಟರೇಟ್. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು.

ಡಾಕ್ಟರೇಟಿನ ವಿಷಯ ಸಿಂಕ್ರೊನಸ್ ಮೋಟಾರು. ಇಲ್ಲಿ ನಮ್ಮ ಬ್ರ್ಯಾಂಚಿನವರು ಸ್ವಲ್ಪ ಕಿವಿ ನಿಮಿರಿಸಬೇಕು. ಈ ಮೋಟಾರಿನ ಮೇಲೆ ಹೊರೆ ದಿಢೀರನೆ ಬದಲಾದಾಗ ರೋಟರು ತನ್ನ ಜಾಗದಿಂದ ಸ್ವಲ್ಪ ಹಿಂದೆ ಮುಂದೆ ತೂಗಾಡುತ್ತದೆ. ಮಷಿನ್ಸ್ ಪೇಪರಿನಲ್ಲಿ ಹಂಟಿಂಗ್ ಅಂತ ಎಂಟು ಮಾರ್ಕಿಗೆ ಬರೆಯುತ್ತೇವಲ್ಲ, ಅದೇ. ಸಮೀಕರಣ ಬರೆಯುವುದು ಸುಲಭ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೋಟರಿನಲ್ಲಿ ಆ ತೂಗಾಟವನ್ನು ಕಣ್ಣಾರೆ ನೋಡುವುದು ಹೇಗೆ? ಲ್ಯಾಬಿನಲ್ಲಿ ಪಾದರಸದ ಆವಿಯ ಒಂದು ರೆಕ್ಟಿಫೈಯರ್ ಮಿನುಗುತ್ತಿತ್ತು. ಅದರ ಮಿನುಗು ಮೋಟಾರಿನ ಸುತ್ತಿಗೆ ತಾಳೆಯಾದಾಗ ರೋಟರು ನಿಂತೇ ಇದೆಯೇನೋ ಅನ್ನುವ ಹಾಗೆ ಕಾಣುವುದನ್ನು ಎಜರ್ಟನ್ ಗಮನಿಸಿದರು. ಹಳೇ ಟ್ಯೂಬ್‌ಲೈಟಿನ ಕೆಳಗೆ ಫ್ಯಾನು ಹಿಂದಕ್ಕೆ ತಿರುಗಿದಂತೆ ಕಾಣುವುದು ಇದೇ ಕಾರಣಕ್ಕೆ. ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಒಂದೇ ಟ್ಯೂಬ್‌ಲೈಟ್ ಹಾಕಬಾರದು ಅನ್ನುವುದೂ ಇದಕ್ಕೇ. ತಿರುಗುವ ಚಕ್ ನಿಂತಂತೆ ಕಂಡು ಕೈ ಹಾಕಿಬಿಟ್ಟರೆ ಬೆರಳು ಹೋಗುತ್ತದೆ.

ಸ್ಟ್ರೋಬೊಸ್ಕೋಪ್ ಅನ್ನುವುದು ಅವರಿಗಿಂತ ನೂರು ವರ್ಷ ಹಳೆಯದು. ಆದರೆ ಹಿಂದಿನವು ತೂತು ಕೊರೆದ ತಿರುಗುವ ಬಿಲ್ಲೆಗಳು, ಇಣುಕಿ ನೋಡಬೇಕು, ಬೆಳಕು ಸಾಲದು. ಎಜರ್ಟನ್ ಕಟ್ಟಿದ್ದು ಎಲೆಕ್ಟ್ರಾನಿಕ್ ದೀಪ. ಮೋಟಾರಿನ ಕೆಲಸ ಮುಗಿದ ಮೇಲೆ ಅದನ್ನು ಮೂಲೆಗಿಡಬಹುದಿತ್ತು. ಪಕ್ಕದ ವಿಭಾಗದ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಅನ್ನುವ ಇನ್ನೊಬ್ಬ ಎಂಐಟಿ ಎಂಜಿನಿಯರ್, ಈ ದೀಪವನ್ನು ಮೋಟಾರು ಬಿಟ್ಟು ಬೇರೆಯದಕ್ಕೂ ಹಿಡಿದು ನೋಡಲು ಹುರಿದುಂಬಿಸಿದರು. ಮೊದಲು ಹಿಡಿದದ್ದು ನಲ್ಲಿಯ ನೀರಿಗೆ! ಧಾರೆಯಾಗಿ ಬೀಳುವ ನೀರು ಆ ಬೆಳಕಿನಲ್ಲಿ ಗಾಜಿನಂತೆ ಗಟ್ಟಿಯಾಗಿ ನಿಂತಿತು.

ಆ ದೀಪ ಕೆಲಸ ಮಾಡುವ ಬಗೆ ಸರಳ, ಅದಕ್ಕೇ ನನಗೆ ಇಷ್ಟ. ಒಂದು ಕೆಪಾಸಿಟರಿಗೆ ನಿಧಾನವಾಗಿ ಚಾರ್ಜು ತುಂಬುತ್ತಾರೆ. ಅದರ ಎರಡು ತುದಿಗಳ ನಡುವೆ ಗ್ಯಾಸ್ ತುಂಬಿದ ಗಾಜಿನ ಕೊಳವೆ. ಗ್ಯಾಸು ಸುಮ್ಮನಿದ್ದಾಗ ಕರೆಂಟು ಬಿಡುವುದಿಲ್ಲ. ಕೊಳವೆಯ ಹೊರಗೆ ಸುತ್ತಿದ ತಂತಿಗೆ ಸಾವಿರಾರು ವೋಲ್ಟಿನ ಒಂದು ಚಿಕ್ಕ ಏಟು ಕೊಟ್ಟರೆ ಗ್ಯಾಸು ಅಯಾನುಗಳಾಗಿ ಒಡೆಯುತ್ತದೆ. ಅಲ್ಲಿಯವರೆಗೆ ಗೋಡೆಯಾಗಿದ್ದದ್ದು ಬಾಗಿಲಾಗುತ್ತದೆ, ಕೆಪಾಸಿಟರಿನಲ್ಲಿದ್ದದ್ದೆಲ್ಲ ಒಂದೇ ಸಲಕ್ಕೆ ನುಗ್ಗುತ್ತದೆ. ಉದಾಹರಣೆಗೆ, 100 ಮೈಕ್ರೊಫ್ಯಾರಡ್ ಕೆಪಾಸಿಟರನ್ನು 2,000 ವೋಲ್ಟಿಗೆ ಚಾರ್ಜ್ ಮಾಡಿದರೆ ಅದರಲ್ಲಿರುವುದು 200 ಜೂಲ್. ಏನೇನೂ ದೊಡ್ಡದಲ್ಲ, 40 ವಾಟಿನ ಬಲ್ಬನ್ನು ಐದು ಸೆಕೆಂಡು ಉರಿಸುವಷ್ಟು. ಆದರೆ ಅದನ್ನೇ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಲ್ಲಿ ಖಾಲಿ ಮಾಡಿದರೆ ಆ ಕ್ಷಣದ ಪವರ್ 20 ಲಕ್ಷ ವಾಟ್. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದ ಶಟರ್ ತೆರೆದೇ ಇರುತ್ತದೆ. ಬೆಳಕು ಬಂದು ಹೋಗುವ ಹೊತ್ತೇ ಶಟರ್.

ಅಲ್ಲಿಯವರೆಗೆ ಫೋಟೊಗ್ರಾಫರುಗಳ ಹತ್ತಿರ ಇದ್ದದ್ದು ಏನು? ಮೆಗ್ನೀಸಿಯಂ ಪುಡಿ. ಬಾಣಬಿರುಸಿನಂತೆ ಹೊತ್ತಿ, ಹೊಗೆ ತುಂಬಿಸಿ, ಒಮ್ಮೊಮ್ಮೆ ಕೈಯನ್ನೂ ಸುಡುತ್ತಿತ್ತು. 1930ರ ಹೊತ್ತಿಗೆ ಫ್ಲ್ಯಾಶ್ ಬಲ್ಬ್ ಬಂತು, ಒಂದು ಬಲ್ಬಿಗೆ ಒಂದೇ ಫೋಟೊ. ಎಜರ್ಟನ್ ಅವರ ಕೊಳವೆ ಸಾವಿರಾರು ಸಲ ಮಿಂಚುತ್ತದೆ, ಪ್ರತಿ ಸಲವೂ ಒಂದೇ ಅಳತೆಯ ಬೆಳಕು. ವಿದ್ಯಾರ್ಥಿಯಾಗಿದ್ದ ಕೆನೆತ್ ಗರ್ಮೆಸ್‌ಹೌಸನ್, ಆಮೇಲೆ ಹರ್ಬರ್ಟ್ ಗ್ರೀರ್ ಜತೆಗೂಡಿದರು. 1940ರ ದಶಕದ ಆರಂಭದಲ್ಲಿ ಕೊಡಾಕ್ ಕಂಪನಿ ಇದೇ ತತ್ವದ ಕೊಡಟ್ರಾನ್ ಎಂಬ ಸ್ಟುಡಿಯೊ ಫ್ಲ್ಯಾಶನ್ನು ಮಾರಾಟಕ್ಕಿಟ್ಟಿತು. ಮದುವೆ ಛತ್ರದಲ್ಲಿ ಛತ್ರಿ ಕಟ್ಟಿ ನಿಲ್ಲಿಸುವ ಫ್ಲ್ಯಾಶಿನ ಅಜ್ಜ ಅದು.

ಈಗ ಹಾಲಿನ ವಿಷಯಕ್ಕೆ ಬರೋಣ. ಹನಿ ಚಿಮ್ಮುವುದನ್ನು ಅಭ್ಯಾಸ ಮಾಡಿದವರಲ್ಲಿ ಎಜರ್ಟನ್ ಮೊದಲಿಗರಲ್ಲ. ಇಂಗ್ಲೆಂಡಿನ ಭೌತಶಾಸ್ತ್ರದ ಪ್ರೊಫೆಸರ್ ಆರ್ಥರ್ ವರ್ತಿಂಗ್ಟನ್ 19ನೇ ಶತಮಾನದಲ್ಲೇ ಕತ್ತಲಲ್ಲಿ ಹನಿ ಬೀಳಿಸಿ, ಕಿಡಿಯೊಂದನ್ನು ಮಿಂಚಿಸಿ, ಕಣ್ಣಲ್ಲಿ ಉಳಿದ ರೂಪವನ್ನು ಕೈಯಲ್ಲಿ ಬರೆದಿಡುತ್ತಿದ್ದರು. ಬಹಳ ವರ್ಷ ಹೀಗೆ ಬರೆದರು. ಚಿತ್ರಗಳೆಲ್ಲ ರಂಗೋಲಿಯಂತೆ ಸಮ, ಸುತ್ತಲೂ ಒಂದೇ ಅಳತೆಯ ಮೊನೆಗಳು. 1890ರ ದಶಕದಲ್ಲಿ ಕಿಡಿಯ ಬೆಳಕಿನಲ್ಲಿ ಫೋಟೊ ತೆಗೆಯುವುದು ಸಾಧ್ಯವಾದಾಗ ನೋಡಿದರೆ, ನಿಜವಾದ ಚಿಮ್ಮುವಿಕೆ ಸೊಟ್ಟಪಟ್ಟ. ಒಂದು ಮೊನೆ ಉದ್ದ, ಒಂದು ಗಿಡ್ಡ, ಎಲ್ಲೋ ಎರಡು ಸೇರಿಕೊಂಡಿವೆ. ಕಣ್ಣು ನೋಡಿದ್ದನ್ನು ಮನಸ್ಸು ತಿದ್ದಿ ಕೈಗೆ ಕೊಡುತ್ತಿತ್ತು. ಇದನ್ನು ಮರೆಮಾಚದೆ ಪ್ರಕಟಿಸಿದ್ದು ವರ್ತಿಂಗ್ಟನ್ ಅವರ ದೊಡ್ಡತನ.

ಎಜರ್ಟನ್ 1930ರ ದಶಕದ ಮೊದಲಿಗೇ ಹಾಲಿನ ಹನಿಯ ಹಿಂದೆ ಬಿದ್ದರು. ಏರ್ಪಾಡು ಹೀಗಿತ್ತು: ಮೇಲಿನ ನಳಿಕೆಯಿಂದ ಹನಿ ಉದುರುತ್ತದೆ. ದಾರಿಯಲ್ಲಿ ಒಂದು ಬೆಳಕಿನ ಎಳೆಯನ್ನು ದಾಟುತ್ತದೆ. ಆಗ ಫೋಟೊಸೆಲ್‌ಗೆ ಸುದ್ದಿ ಮುಟ್ಟುತ್ತದೆ. ಒಂದು ವಿಳಂಬ ಸರ್ಕಿಟ್ ಇಷ್ಟು ಹೊತ್ತು ಎಂದು ಎಣಿಸಿ ಫ್ಲ್ಯಾಶನ್ನು ಮಿಂಚಿಸುತ್ತದೆ. ವಿಳಂಬವನ್ನು ಸ್ವಲ್ಪ ಬದಲಾಯಿಸಿದರೆ ಚಿಮ್ಮುವಿಕೆಯ ಬೇರೆ ಹಂತ. ಪ್ರತಿ ಫೋಟೊಗೂ ಹೊಸ ಹನಿ. ಇದು ಸಮಯದ ಭಾಗ. ಬೆಳಕಿನ ಭಾಗ ಇದಕ್ಕಿಂತ ತಲೆನೋವಿನದು.

ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಕಾಣುವ ಆಳ ಬಹಳ ಕಡಿಮೆ. ಮುಂದಿನ ಮೊನೆಯೂ ಹಿಂದಿನ ಮೊನೆಯೂ ಸ್ಪಷ್ಟವಾಗಬೇಕಾದರೆ ಲೆನ್ಸಿನ ಕಂಡಿಯನ್ನು ಕಿರಿದು ಮಾಡಬೇಕು. ಕಿರಿದು ಮಾಡಿದರೆ ಬೆಳಕು ಕಡಿಮೆ. ವಸ್ತುವನ್ನು ಅದರ ನಿಜ ಅಳತೆಯಲ್ಲೇ ಫಿಲ್ಮಿನ ಮೇಲೆ ಮೂಡಿಸಲು ಲೆನ್ಸನ್ನು ಮುಂದಕ್ಕೆ ಚಾಚಿದರೆ ಇದ್ದ ಬೆಳಕೂ ನಾಲ್ಕರಲ್ಲಿ ಒಂದು ಭಾಗವಾಗುತ್ತದೆ. ಹಾಗಂತ ಫ್ಲ್ಯಾಶನ್ನು ಹೆಚ್ಚು ಹೊತ್ತು ಉರಿಸಿದರೆ ಹನಿ ಕಲಸಿಹೋಗುತ್ತದೆ. ಹತ್ತಿರ ತಂದರೆ ಮೊದಲು ಹೇಳಿದ ಎರಡೂಕಾಲು ಪಟ್ಟಿನ ಲೆಕ್ಕ. ಒಂದೇ ದೀಪವಾದರೆ ಒಂದು ಮಗ್ಗುಲು ಹಗಲು, ಇನ್ನೊಂದು ಮಗ್ಗುಲು ರಾತ್ರಿ.

ಇದಕ್ಕೆ ಉಪಾಯಗಳು ಹಲವು. ಲೆನ್ಸಿನ ಸುತ್ತಲೂ ಬೆಳಕನ್ನು ಕೂರಿಸುವುದು ಒಂದು. 18ನೇ ಶತಮಾನದ ಜರ್ಮನ್ ವೈದ್ಯ ಲೀಬರ್‌ಕ್ಯೂನ್ ಮೈಕ್ರೊಸ್ಕೋಪಿನ ಲೆನ್ಸಿನ ಸುತ್ತ ತಗ್ಗು ಕನ್ನಡಿ ಇಟ್ಟದ್ದು ಇದಕ್ಕೇ. 1952ರಲ್ಲಿ ಲೆಸ್ಟರ್ ಡೈನ್ ಎಂಬವರು ಹಲ್ಲಿನ ಫೋಟೊಗೆಂದು ಬಳೆಯಾಕಾರದ ರಿಂಗ್ ಫ್ಲ್ಯಾಶ್ ಮಾಡಿದ್ದೂ ಇದಕ್ಕೇ. ಬಾಯಿಯ ಒಳಗೆ ಪಕ್ಕದಿಂದ ಬೆಳಕು ಬಿಟ್ಟರೆ ಕೆನ್ನೆಯ ನೆರಳೇ ಬೀಳುತ್ತದಲ್ಲ! ಇವತ್ತು ರೀಲ್ಸ್ ಮಾಡುವವರ ಮುಂದೆ ನಿಂತಿರುವ ರಿಂಗ್ ಲೈಟಿನ ವಂಶವೂ ಇದೇ. ಆದರೆ ಬಳೆಯ ಬೆಳಕಿನಲ್ಲಿ ನೆರಳೇ ಇಲ್ಲದೆ ಎಲ್ಲವೂ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಒದ್ದೆ ವಸ್ತುವಾದರೆ ಪ್ರತಿ ಹನಿಯ ಮೇಲೂ ಆ ಬಳೆಯದೇ ಪ್ರತಿಬಿಂಬ. ಇನ್ನೊಂದು ಉಪಾಯ, ಎದುರು ದಿಕ್ಕಿನಲ್ಲಿ ಬಿಳಿ ರಟ್ಟು ಇಟ್ಟು ಬೆಳಕನ್ನು ಹಿಂದಿರುಗಿಸುವುದು, ದೀಪದ ಮುಂದೆ ಹಾಲುಬಣ್ಣದ ಹಾಳೆ ಕಟ್ಟುವುದು. ಹೀಗೆ ಮಾಡಿದರೆ ಹನಿಯ ಲೆಕ್ಕದಲ್ಲಿ ದೀಪ ಒಂದು ಚುಕ್ಕೆಯಾಗಿ ಉಳಿಯದೆ ಆಕಾಶದಷ್ಟು ಅಗಲವಾಗುತ್ತದೆ. ಸಮ ಬೆಳಕು ಅಂದರೆ ನೆರಳಿಲ್ಲದ ಬೆಳಕು ಅಂತ ತಿಳಿಯಬಾರದು. ಉಬ್ಬು ತಗ್ಗು ಗೊತ್ತಾಗುವಷ್ಟು ನೆರಳು ಬೇಕು, ಆ ನೆರಳಿನೊಳಗೂ ವಿವರ ಕಾಣಬೇಕು. ಅಷ್ಟೇ.

ನನ್ನ ಮಟ್ಟಿಗೆ ಈ ಚಿತ್ರದ ಅರ್ಧ ಗುಟ್ಟು ಇರುವುದು ಹಾಲಿನಲ್ಲೇ. ನೀರಿನ ಹನಿಗೆ ಫ್ಲ್ಯಾಶ್ ಹೊಡೆದರೆ ಎರಡು ಚೂಪು ಹೊಳಪು ಬಿಟ್ಟರೆ ಉಳಿದದ್ದು ಪಾರದರ್ಶಕ, ಆಕಾರವೇ ತಿಳಿಯದು. ಹಾಲಿನಲ್ಲಿ ಕೊಬ್ಬಿನ ಸೂಕ್ಷ್ಮ ಕಣಗಳು ತೇಲುತ್ತಿರುತ್ತವೆ. ಒಳಹೊಕ್ಕ ಬೆಳಕನ್ನು ಅವು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಅಂದರೆ ಹಾಲು ತನಗೆ ತಾನೇ ಡಿಫ್ಯೂಸರ್. ಬೆಳಕು ಬೀಳದ ಮಗ್ಗುಲಿಗೂ ಒಳಗಿನಿಂದಲೇ ಸ್ವಲ್ಪ ಬೆಳಕು ಸೋರಿ ಬರುತ್ತದೆ. ವರ್ತಿಂಗ್ಟನ್ ಕೂಡ ಹಾಲನ್ನು ಬಳಸಿದ್ದರು. ದೀಪವನ್ನು ಬದಲಾಯಿಸಲಾಗದಿದ್ದರೆ ವಸ್ತುವನ್ನೇ ಬದಲಾಯಿಸು ಅನ್ನುವ ಈ ಜಾಣತನ ಯಾವ ಸಿಲಬಸ್ಸಿನಲ್ಲೂ ಇಲ್ಲ.

1936ರ ಸುಮಾರಿಗೆ ತೆಗೆದ ಕಪ್ಪುಬಿಳುಪಿನ ಹಾಲಿನ ಕಿರೀಟ, 1937ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ನಡೆಸಿದ ಮೊದಲ ದೊಡ್ಡ ಛಾಯಾಚಿತ್ರ ಪ್ರದರ್ಶನದಲ್ಲಿ ಗೋಡೆ ಏರಿತು. ಎಜರ್ಟನ್ ಮಾತ್ರ ತಮ್ಮನ್ನು ಕಲಾವಿದ ಅನ್ನಬೇಡಿ, ತಾನೊಬ್ಬ ಎಂಜಿನಿಯರ್, ಬೇಕಾದದ್ದು ಸಂಗತಿ ಮಾತ್ರ ಎಂದೇ ಕೊನೆಯವರೆಗೆ ಹೇಳಿಕೊಂಡು ಬಂದರು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬರೀ ಸಂಗತಿ ಸಾಕಿದ್ದರೆ 1936ರ ಚಿತ್ರದಲ್ಲೇ ಅದು ಸಿಕ್ಕಿತ್ತು. ಸುತ್ತಲೂ ಸಮ ಅಂತರದಲ್ಲಿ ಮುತ್ತು ಕೂತ, ಒಂದೂ ಊನವಿಲ್ಲದ ಕಿರೀಟಕ್ಕಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹನಿ ಬೀಳಿಸುತ್ತ ಕೂರುವವರಿಗೆ ಸಂಗತಿಯ ಜತೆ ಇನ್ನೂ ಏನೋ ಬೇಕಾಗಿರುತ್ತದೆ. 1957ರ ಬಣ್ಣದ ಚಿತ್ರವನ್ನು ಗಮನವಿಟ್ಟು ನೋಡಿ, ಅದರಲ್ಲೂ ಮೊನೆಗಳು ಪೂರ್ತಿ ಸಮ ಇಲ್ಲ. ವರ್ತಿಂಗ್ಟನ್ ಕೈಯಲ್ಲಿ ಬರೆದ ಆ ಸಮ ಕಿರೀಟ ಅವರಿಗೂ ಸಿಗಲಿಲ್ಲ.

ಹಾಲಿನ ಜತೆಗೆ ಇನ್ನೂ ಏನೇನೋ. ಝೇಂಕಾರದ ಹಕ್ಕಿ ಎನ್ನುವ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಐವತ್ತರ ಆಸುಪಾಸಿನಲ್ಲಿ ರೆಕ್ಕೆ ಬಡಿಯುತ್ತದೆ. ಅದರ ರೆಕ್ಕೆಯ ಗರಿಗರಿಯನ್ನೂ ಗಾಳಿಯಲ್ಲಿ ನಿಲ್ಲಿಸಿ ತೋರಿಸಿದರು. ಈ ಹಕ್ಕಿಯ ಕೊರಳಿನ ಬಣ್ಣ ಬೆಳಕು ಬರುವ ಕೋನದ ಮೇಲೆ ನಿಂತಿದೆ. ದೀಪ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಮಾಣಿಕ್ಯದಂಥ ಕೊರಳು ಮಸಿಯಾಗಿ ಕಾಣುತ್ತದೆ. ಫುಟ್‌ಬಾಲಿಗೆ ಒದ್ದಾಗ ಬೂಟು ಅದರೊಳಗೆ ಎಷ್ಟು ಹೂತುಹೋಗುತ್ತದೆ, ಟೆನಿಸ್ ರ‍್ಯಾಕೆಟ್ಟಿನ ಜಾಲರಿ ಹೇಗೆ ಬಾಗುತ್ತದೆ ಅನ್ನುವುದನ್ನೆಲ್ಲ ಜನ ಮೊದಲ ಸಲ ಕಂಡರು. ಅಲ್ಬೇನಿಯಾದಲ್ಲಿ ಹುಟ್ಟಿ ಎಂಐಟಿಯಲ್ಲಿ ಓದಿದ ಗ್ಯೋನ್ ಮಿಲಿ 1937ರಿಂದ ಜತೆಯಾಗಿ, ಈ ಫ್ಲ್ಯಾಶನ್ನು ಲೈಫ್ ಪತ್ರಿಕೆಯ ಪುಟಗಳಿಗೆ ಒಯ್ದರು. ಎಜರ್ಟನ್ ಅವರ ಕೆಲಸದ ಮೇಲೆ ಎಂಜಿಎಂ ಸಂಸ್ಥೆ 1940ರಲ್ಲಿ ತೆಗೆದ ಕಿರುಚಿತ್ರಕ್ಕೆ ಆಸ್ಕರ್ ಕೂಡ ಬಂತು.

ಯುದ್ಧ ಬಂದಾಗ ಹನಿಗೆ ಹಿಡಿದ ದೀಪವನ್ನೇ ಊರಿಗೆ ಹಿಡಿಯುವ ಕೆಲಸ ಬಂತು. ರಾತ್ರಿ ವಿಮಾನದಿಂದ ನೆಲದ ಫೋಟೊ ತೆಗೆಯಬೇಕು. ಇಲ್ಲಿ ಲೆಕ್ಕ ಉಲ್ಟಾ. ದೂರ ಹೆಚ್ಚಾದ್ದರಿಂದ ಬೆಳಕು ಸಮವಾಗಿ ಬೀಳುತ್ತದೆ, ಆದರೆ ಅಪಾರ ಬೆಳಕು ಬೇಕು. 1944ರಲ್ಲಿ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಮೇಲೆ 1,500 ಅಡಿ ಎತ್ತರದಿಂದ 50,000 ಜೂಲಿನ ಫ್ಲ್ಯಾಶ್ ಹೊಡೆದು ಪರೀಕ್ಷಿಸಿದರು. ಅದೇ ಜೂನಿನಲ್ಲಿ ಮಿತ್ರಪಡೆಗಳು ನಾರ್ಮಂಡಿ ತೀರಕ್ಕೆ ಇಳಿಯುವ ಹಿಂದಿನ ರಾತ್ರಿ, ಶತ್ರು ಸೈನ್ಯ ಎಲ್ಲಿ ಚಲಿಸುತ್ತಿದೆ ಅಂತ ನೋಡಲು ಈ ಫ್ಲ್ಯಾಶ್ ಬಳಕೆಯಾಯಿತು. 1946ರಲ್ಲಿ ಅವರಿಗೆ ಮೆಡಲ್ ಆಫ್ ಫ್ರೀಡಂ ಕೊಟ್ಟರು.

1947ರಲ್ಲಿ ಮೂವರು ಗೆಳೆಯರು ತಮ್ಮ ಹೆಸರಿನ ಮೊದಲ ಅಕ್ಷರ ಸೇರಿಸಿ ಇಜಿ ಆ್ಯಂಡ್ ಜಿ ಎಂಬ ಕಂಪನಿ ಕಟ್ಟಿದರು. ಅದರ ಮುಖ್ಯ ಕೆಲಸ ಅಣುಬಾಂಬ್ ಪರೀಕ್ಷೆಗಳಿಗೆ ಸಮಯ ಹೊಂದಿಸುವ, ಸಿಡಿಸುವ ವ್ಯವಸ್ಥೆ ಒದಗಿಸುವುದು ಮತ್ತು ಸಿಡಿತದ ಫೋಟೊ ತೆಗೆಯುವುದು. ಬಾಂಬಿಗೆ ಫ್ಲ್ಯಾಶ್ ಬೇಕಿಲ್ಲ, ಅದೇ ಸೂರ್ಯ. ಬೇಕಾದದ್ದು ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಬೆಳಕನ್ನು ತಡೆಯುವ ಶಟರ್. ಯಾವ ಲೋಹದ ಎಲೆಯೂ ಅಷ್ಟು ವೇಗವಾಗಿ ಕದಲದು. ಅದಕ್ಕೆ ರ‍್ಯಾಪಟ್ರಾನಿಕ್ ಕ್ಯಾಮೆರಾ ಮಾಡಿದರು. ಒಂದಕ್ಕೊಂದು ಅಡ್ಡ ಇಟ್ಟ ಎರಡು ಪೋಲರೈಸರ್, ನಡುವೆ ತಂತಿ ಸುತ್ತಿದ ಗಾಜು. ತಂತಿಯಲ್ಲಿ ಕೆಪಾಸಿಟರ್ ಖಾಲಿಯಾದಾಗ ಹುಟ್ಟುವ ಕಾಂತಕ್ಷೇತ್ರ ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ, ಆ ಕ್ಷಣಕ್ಕೆ ಮಾತ್ರ ಬೆಳಕು ಒಳಹೋಗುತ್ತದೆ. ಆ ಚಿತ್ರಗಳಲ್ಲಿ ಬೆಂಕಿಯುಂಡೆ ಇನ್ನೂ ಗೋಪುರದ ತುದಿಯಲ್ಲಿದೆ. ಅದನ್ನು ಕಟ್ಟಿದ ತಂತಿಗಳು ಆವಿಯಾಗುತ್ತ, ಉಂಡೆಯಿಂದ ಮೊನೆಗಳು ಕೆಳಗೆ ಚಾಚಿವೆ. ಹಾಲಿನ ಕಿರೀಟ ನೋಡಿದ ಕಣ್ಣಿಗೆ ಆ ಮೊನೆಗಳೂ ಚೆಂದವಾಗಿಯೇ ಕಾಣುತ್ತವೆ. ನನಗೆ ಇದು ಕಷ್ಟ ಕೊಡುವ ವಿಷಯ. ಎಜರ್ಟನ್ ಅವರ ಮೇಲೆ ಬರೆಯುವ ಬಹಳ ಮಂದಿ ಹಕ್ಕಿ, ಹಾಲು, ಸೇಬು ಅಂತ ಹೇಳಿ ಈ ಪುಟವನ್ನು ಮಗುಚಿಬಿಡುತ್ತಾರೆ. ಇಡೀ ಊರನ್ನು ಸುಡುವ ವಸ್ತುವಿನ ಕೆಲಸಕ್ಕೆ ಇಷ್ಟು ಸೊಗಸಾದ ಸರ್ಕಿಟ್ ಕಟ್ಟಿದವರೂ ಇದೇ ಮೇಷ್ಟ್ರು. ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗುತ್ತಿರುವ ನಾವು ಯಾವ ಕಂಪನಿ ಏನು ಮಾಡುತ್ತದೆ ಅಂತ ಕೇಳುವುದಕ್ಕಿಂತ ಮೊದಲು ಪ್ಯಾಕೇಜ್ ಎಷ್ಟು ಅಂತ ಕೇಳುತ್ತೇವೆ. ಹಾಗಾಗಿ ಅವರ ಬಗ್ಗೆ ತೀರ್ಪು ಕೊಡುವ ಧೈರ್ಯ ನನಗಿಲ್ಲ, ಪುಟ ಮಗುಚುವ ಮನಸ್ಸೂ ಇಲ್ಲ.

1953ರಿಂದ ಅವರ ಇನ್ನೊಂದು ಬದುಕು ಶುರುವಾಯಿತು, ನೀರಿನ ಕೆಳಗೆ. ಫ್ರಾನ್ಸಿನ ಸಾಗರಾನ್ವೇಷಕ ಜಾಕ್ ಕೂಸ್ಟೊ ಅವರ ಕ್ಯಾಲಿಪ್ಸೊ ಹಡಗು ಏರಿದರು. ಹಡಗಿನವರು ಪ್ರೀತಿಯಿಂದ ಇಟ್ಟ ಹೆಸರು ಪಾಪಾ ಫ್ಲ್ಯಾಶ್, ಅಂದರೆ ಫ್ಲ್ಯಾಶ್ ಅಪ್ಪ. ಸಮುದ್ರದಲ್ಲಿ ಬೆಳಕಿನ ತೊಂದರೆ ಬೇರೆ ಥರ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ರಸ್ತೆಯ ಬದಲು ಬಿಳಿ ಗೋಡೆ ಕಾಣುತ್ತದಲ್ಲ, ಹಾಗೇ ಕ್ಯಾಮೆರಾದ ಪಕ್ಕದಲ್ಲೇ ಫ್ಲ್ಯಾಶ್ ಇದ್ದರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಹಿಮ ಸುರಿದಂತಾಗುತ್ತದೆ. ದೀಪವನ್ನು ಕ್ಯಾಮೆರಾದಿಂದ ದೂರ ಸರಿಸಿ ಓರೆಯಾಗಿ ಬೆಳಕು ಬಿಡಬೇಕು. 1956ರಲ್ಲಿ ಅಟ್ಲಾಂಟಿಕ್‌ನ ರೊಮಾಂಶ್ ಕಂದಕದಲ್ಲಿ ಏಳು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಕ್ಯಾಮೆರಾ, ಫ್ಲ್ಯಾಶ್ ಇಳಿಬಿಟ್ಟರು. ಅಲ್ಲಿಯ ಒತ್ತಡ ನಾವು ಮೇಲೆ ಅನುಭವಿಸುವ ಗಾಳಿಯ ಒತ್ತಡದ ಏಳುನೂರು ಪಟ್ಟಿಗಿಂತ ಹೆಚ್ಚು.

ಹಗ್ಗದ ತುದಿಯಲ್ಲಿರುವ ಕ್ಯಾಮೆರಾ ಸಮುದ್ರತಳದಿಂದ ಎಷ್ಟು ಎತ್ತರದಲ್ಲಿದೆ ಅಂತ ಮೇಲಿನವರಿಗೆ ಗೊತ್ತಾಗುವುದಾದರೂ ಹೇಗೆ? ಫೋಕಸ್ಸೂ ಬೆಳಕೂ ಒಂದು ಗೊತ್ತಾದ ದೂರಕ್ಕೆ ಹೊಂದಿಸಿದವು. ಹತ್ತಿರವಾದರೆ ಬೆಳ್ಳಗೆ, ದೂರವಾದರೆ ಕತ್ತಲೆ. ಅದಕ್ಕಾಗಿ ಕ್ಯಾಮೆರಾಕ್ಕೆ ಒಂದು ಪಿಂಗರ್ ಕಟ್ಟಿದರು. ಅದು ಟಿಕ್ ಟಿಕ್ ಎಂದು ಶಬ್ದ ಬಿಡುತ್ತದೆ, ನೆಲಕ್ಕೆ ಬಡಿದು ಬರುವ ಪ್ರತಿಧ್ವನಿಯಿಂದ ದೂರ ತಿಳಿಯುತ್ತದೆ. ಆಗ ಇನ್ನೊಂದು ಸಂಗತಿ ಕಂಡಿತು. ಕೆಲವು ಪ್ರತಿಧ್ವನಿಗಳು ತಳದ ಕೆಸರಿನ ಒಳಗಿನಿಂದ ಬರುತ್ತಿದ್ದವು. ಹೀಗೆ ಫೋಟೊದ ಬೆಳಕು ಸರಿಮಾಡಲು ಹೋದ ದಾರಿ ಸೋನಾರಿಗೆ ಬಂದು ಮುಟ್ಟಿತು. ಹೂತುಹೋದದ್ದನ್ನು ನೋಡುವ, ಪಕ್ಕಕ್ಕೆ ಶಬ್ದ ಬೀರಿ ತಳದ ಚಿತ್ರ ಬಿಡಿಸುವ ಸೋನಾರುಗಳನ್ನು ಅವರು ಬೆಳೆಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ 1862ರಲ್ಲಿ ಮುಳುಗಿದ ಮಾನಿಟರ್ ಎಂಬ ಕಬ್ಬಿಣದ ಯುದ್ಧನೌಕೆ 1973ರಲ್ಲಿ ಸಿಕ್ಕ ಶೋಧದಲ್ಲಿ ಎಜರ್ಟನ್ ಇದ್ದರು. ಲಾಕ್ ನೆಸ್ ಸರೋವರದ ದೈತ್ಯನನ್ನು ಹುಡುಕುವವರಿಗೂ ತಮ್ಮ ಫ್ಲ್ಯಾಶ್ ಕ್ಯಾಮೆರಾ ಕೊಟ್ಟರು. ದೈತ್ಯ ಮಾತ್ರ ಇವತ್ತಿನವರೆಗೆ ಫೋಟೊಗೆ ಸಿಕ್ಕಿಲ್ಲ.

ಸಮುದ್ರ ಅವರಿಂದ ಒಂದನ್ನು ಕಿತ್ತುಕೊಂಡಿತು. ಮಗ ವಿಲಿಯಂ 1959ರಲ್ಲಿ ಉಸಿರಾಟದ ಹೊಸ ಉಪಕರಣವೊಂದನ್ನು ಪರೀಕ್ಷಿಸುತ್ತ ನೀರಿನಡಿ ತೀರಿಕೊಂಡ. ಅಪ್ಪ ಸಮುದ್ರವನ್ನು ಬಿಡಲಿಲ್ಲ. ಆ ನಂತರವೂ ದಶಕಗಟ್ಟಲೆ ಹಡಗು ಹತ್ತುತ್ತಲೇ ಇದ್ದರು. ಇದರ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಏನು ಬರೆದರೂ ಕಡಿಮೆಯೇ.

ಗುಂಡು ಸೇಬನ್ನು ಸೀಳುವ ಪ್ರಸಿದ್ಧ ಚಿತ್ರ 1964ರದ್ದು. ಸೆಕೆಂಡಿಗೆ ಸುಮಾರು 850 ಮೀಟರ್ ಹೋಗುವ ಗುಂಡು, ಹಾಲಿನ ಹನಿಗೆ ಸಾಕಾಗುವ ಹತ್ತು ಸಾವಿರದಲ್ಲೊಂದು ಸೆಕೆಂಡಿನಲ್ಲಿ ಎಂಟೂವರೆ ಸೆಂಟಿಮೀಟರ್ ಓಡಿಬಿಟ್ಟಿರುತ್ತದೆ. ಮೈಕ್ರೊಸೆಕೆಂಡಿನ ಫ್ಲ್ಯಾಶ್ ಆದರೆ ಓಡುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಮೈಕ್ರೊಫೋನಿಗೆ ಶಬ್ದ ಮುಟ್ಟಿದಾಗ ಫ್ಲ್ಯಾಶ್ ಮಿಂಚುವ ಏರ್ಪಾಡು. ಗುಂಡು ಹೊರಬಂದ ಕಡೆ ಸಿಪ್ಪೆ ಸಿಡಿಯುವುದು ಸಹಜ, ಆದರೆ ಒಳಹೊಕ್ಕ ಕಡೆಯೂ ಅಷ್ಟೇ ಸಿಡಿದಿರುವುದು ಆ ಚಿತ್ರದಲ್ಲಿ ಕಾಣುತ್ತದೆ. ಎಂಐಟಿಯಲ್ಲಿ ಸೇಬಿನ ಸಾಸ್ ಮಾಡುವ ವಿಧಾನ ಅನ್ನುವ ತಮಾಷೆಯ ಹೆಸರಿಟ್ಟು ಪಾಠದಲ್ಲಿ ತೋರಿಸುತ್ತಿದ್ದರು.

ವಿದ್ಯಾರ್ಥಿಗಳು ಅವರನ್ನು ಕರೆಯುತ್ತಿದ್ದದ್ದು ಬರೀ ಡಾಕ್ ಅಂತ. ಎಂಐಟಿಯ ನಾಲ್ಕನೇ ಮಹಡಿಯ ಅವರ ಲ್ಯಾಬಿನ ಓಣಿಗೆ ಸ್ಟ್ರೋಬ್ ಆ್ಯಲಿ ಅಂತ ಹೆಸರು. ಬಂದವರಿಗೆಲ್ಲ ತಮ್ಮ ಚಿತ್ರಗಳ ಪೋಸ್ಟ್‌ಕಾರ್ಡ್ ಹಂಚುತ್ತಿದ್ದರು. 1968ರಲ್ಲಿ ನಿವೃತ್ತಿ ಅಂತ ಕಾಗದದಲ್ಲಿ ಆಯಿತು, ಮರುದಿನವೂ ಲ್ಯಾಬಿಗೆ ಬರುವುದು ತಪ್ಪಲಿಲ್ಲ. 1973ರಲ್ಲಿ ರಾಷ್ಟ್ರೀಯ ವಿಜ್ಞಾನ ಪದಕ. 1990ರ ಜನವರಿ 4ರಂದು ಎಂಐಟಿಯ ಫ್ಯಾಕಲ್ಟಿ ಕ್ಲಬ್ಬಿನಲ್ಲಿ ಹೃದಯಾಘಾತವಾಯಿತು. ಆಗ ಅವರಿಗೆ 86 ವರ್ಷ.

ಅವರು ಬೆಳೆದ ಅರೋರಾದಲ್ಲಿ ಈಗ ಅವರ ಹೆಸರಿನ ಒಂದು ವಿಜ್ಞಾನ ಕೇಂದ್ರವಿದೆ. ಶಾಲೆಯ ಮಕ್ಕಳು ಬರುತ್ತಾರೆ, ಕೈಯಿಂದ ಮುಟ್ಟಿ ಪ್ರಯೋಗ ಮಾಡುತ್ತಾರೆ. ಎಂಐಟಿಯಲ್ಲೂ ಅವರ ಹೆಸರಿನ ಕೇಂದ್ರವಿದೆ. ಅಲ್ಲಿ ಸ್ಟ್ರೋಬ್ ಪಾಠ ಕಲಿಯುವ ಹುಡುಗ ಹುಡುಗಿಯರು ಇವತ್ತಿಗೂ ದೀಪ ಆರಿಸಿ, ಶಟರ್ ತೆರೆದು, ಹಾಲಿನ ಹನಿ ಬೀಳುವುದನ್ನು ಕಾಯುತ್ತಾರೆ.